ಸರಿಯಾಗಿ ನಡೆದ ಗಡಿಯಾರದ ಮೇಲೊಂದು ದೂರು

ಬಾಗಿಲ ಬಡಿತ ಮುಳ್ಳಣ್ಣನಿಗೆ ಕೇಳಿಸಲಿಲ್ಲ. ಹೆಂಡತಿಯ ಮೊಣಕೈ ಮಾತ್ರ ಪಕ್ಕೆಲುಬಿಗೆ ಚೆನ್ನಾಗಿ ಕೇಳಿಸಿತು. ಹಲ್ಲುನೋವಿನ ಕಾರಣ ಎರಡು ದಿನದಿಂದ ಅವನು ಕಿವಿಗೆ ಹತ್ತಿ ತುರುಕಿ, ಕೆನ್ನೆಯಿಂದ ನೆತ್ತಿಯವರೆಗೆ ಮಫ್ಲರ್ ಬಿಗಿದು, ಮೇಲೊಂದು ಗಂಟು ಹಾಕಿಕೊಂಡು ಮಲಗುತ್ತಿದ್ದ. ಎದ್ದು ಕೂತು ಮಫ್ಲರನ್ನು ಓರೆ ಮಾಡಿದ. ಮೂರು ಬಡಿತ, ಮೌನ, ಮತ್ತೆ ಮೂರು ಬಡಿತ. ಕಳ್ಳನಾದರೆ ಬಡಿಯುವುದಿಲ್ಲ, ನೆಂಟನಾದರೆ ಇಷ್ಟು ಅಳೆದು ತೂಗಿ ಬಡಿಯುವುದಿಲ್ಲ.

ಮನೆಯ ಮುಂಭಾಗವೇ ಅಂಗಡಿ. ಅಲ್ಲಿ ಗೋಡೆಯ ಮೇಲಿದ್ದ ಹದಿನಾಲ್ಕು ಗಡಿಯಾರಗಳೂ ಮೂರೂವರೆ ತೋರಿಸುತ್ತಿದ್ದವು. ಮುಳ್ಳಣ್ಣ ಅಗುಳಿ ತೆಗೆದ. ಹೊಸ್ತಿಲಾಚೆ ಟಾರ್ಚು ಹಿಡಿದು ನಿಂತಿದ್ದ ಹೆಂಗಸು ನಮಸ್ಕಾರವನ್ನೂ ಹೇಳದೆ ಮಣಿಕಟ್ಟನ್ನು ಅವನ ಮೂಗಿನ ಹತ್ತಿರ ಹಿಡಿದರು.

“ನಿಮ್ಮ ಗಡಿಯಾರ ಸರಿಯಾಗಿ ನಡೀತಿದೆ.”

ಇಪ್ಪತ್ತು ವರ್ಷದ ಕಸುಬಿನಲ್ಲಿ ಮುಳ್ಳಣ್ಣ ಎಲ್ಲ ಬಗೆಯ ದೂರುಗಳನ್ನೂ ಕೇಳಿದ್ದ. ಮುಂದೆ ಓಡುತ್ತದೆ, ಹಿಂದೆ ಬೀಳುತ್ತದೆ, ಬಾವಿಗೆ ಬಿತ್ತು, ಎಮ್ಮೆ ತುಳಿಯಿತು. ಸರಿಯಾಗಿ ನಡೆಯುತ್ತಿದೆಯೆಂದು ನಸುಕಿಗೆ ಮೊದಲೇ ಬಾಗಿಲು ಬಡಿದವರು ಯಾರೂ ಇರಲಿಲ್ಲ.

“ಸಂತೋಷ, ಮೇಡಂ,” ಎಂದ. “ಬೆಳಗಾದ ಮೇಲೆ ಹೇಳಿದ್ರೂ ನಡೀತಿತ್ತು.”

“ಸಂತೋಷ ಪಡೋ ವಿಷಯ ಅಲ್ಲ ಇದು. ಇದು ಸರಿಯಾಗಿ ನಡೀಬಾರದಿತ್ತು.”

ಆಗ ಮುಳ್ಳಣ್ಣನ ನಿದ್ದೆ ಗೋಡೆಯಿಂದ ಪಟ ಬಿದ್ದಂತೆ ಬಿತ್ತು. ಇವರು ಬೆಟ್ಟದ ಮೇಡಂ. ಊರ ಹಿಂದಿನ ಬೆಟ್ಟದ ಮೇಲೆ ದೊಡ್ಡ ದೊಡ್ಡ ಬಾಣಲೆಗಳನ್ನು ಆಕಾಶಕ್ಕೆ ತಿರುಗಿಸಿಟ್ಟ ಹಾಗಿದ್ದ ಕೇಂದ್ರವೊಂದಿತ್ತು. ಮಂಗಳ ಗ್ರಹದ ಮೇಲೆ ಇಳಿದ ಯಂತ್ರವೊಂದು ಕಳಿಸುವ ಸಂಕೇತಗಳನ್ನು ಆಲಿಸುವುದು ಇವರ ಕೆಲಸ. ಆ ಯಂತ್ರ ಅಲ್ಲಿ ಸೂರ್ಯ ಹುಟ್ಟಿದಾಗ ಏಳುತ್ತದೆ, ಮುಳುಗಿದಾಗ ಮಲಗುತ್ತದೆ. ಅಲ್ಲಿಯ ಒಂದು ದಿನ ನಮ್ಮ ದಿನಕ್ಕಿಂತ ಮೂವತ್ತೊಂಬತ್ತೂವರೆ ನಿಮಿಷ ಉದ್ದ. ಹಾಗಾಗಿ ಮೇಡಂ ಕೂಡ ದಿನವೂ ಮುಕ್ಕಾಲು ಗಂಟೆಗೆ ತುಸು ಕಡಿಮೆ ತಡವಾಗಿ ಎದ್ದು, ತಡವಾಗಿ ಉಂಡು, ತಡವಾಗಿ ಮಲಗಬೇಕು. ಲೆಕ್ಕ ತಪ್ಪಿ ತಪ್ಪಿ ಸಾಕಾಗಿ, ಮಂಗಳದ ದಿನಕ್ಕೆ ಸರಿಹೊಂದುವಂತೆ ನಿಧಾನವಾಗಿ ನಡೆಯುವ ಗಡಿಯಾರ ಬೇಕೆಂದು ಕಳೆದ ವಾರ ತಮ್ಮದನ್ನು ಕೊಟ್ಟಿದ್ದರು. ಮುಳ್ಳಣ್ಣ ಅದರೊಳಗಿನ ತೂಗುಚಕ್ರಕ್ಕೆ ಎಳ್ಳಿಗಿಂತ ಸಣ್ಣ ಸೀಸದ ಚೂರುಗಳನ್ನು ಅಂಟಿಸಿ, ಐದು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಹದಕ್ಕೆ ತಂದಿದ್ದ. ಒಳ್ಳೆಯ ಗಡಿಯಾರವನ್ನು ಇಷ್ಟು ಕಷ್ಟಪಟ್ಟು ಕೆಡಿಸಿದ್ದು ಅವನ ಜೀವಮಾನದಲ್ಲೇ ಮೊದಲು.

“ನನಗೀಗ ಮಧ್ಯಾಹ್ನದ ಊಟದ ಬಿಡುವು,” ಎಂದು ಮೇಡಂ ಕತ್ತಲೆಯಲ್ಲಿ ವಿವರಿಸಿದರು. “ಇದು ನನ್ನ ಗಡಿಯಾರ ಅಲ್ಲ. ನನ್ನದು ಬೇರೆ ಯಾರದೋ ಕೈಲಿದೆ. ಕೆಲಸ ಮುಗಿಸಿ, ಒಂದು ನಿದ್ದೆ ಮಾಡಿ, ನಿಮ್ಮ ಸಾಯಂಕಾಲಕ್ಕೆ ಮತ್ತೆ ಬರ್ತೀನಿ, ಹುಡುಕಿಡಿ.”

ಮುಳ್ಳಣ್ಣನ ಹೆಂಡತಿ ಒಳಗಿನಿಂದ ಸೆರಗು ಸರಿಪಡಿಸಿಕೊಳ್ಳುತ್ತಾ ಬಂದು, ಪಾಪ, ಎಲ್ಲ ಗ್ರಹದಲ್ಲೂ ಇದೇ ಪಾಡೇ ಎಂದು ಕೇಳಿದಳು. ಮೇಡಂಗೆ ಅಷ್ಟೇ ಸಾಕಾಯಿತು. ಗುರುವಿನಲ್ಲಿ ಹತ್ತು ಗಂಟೆ ತುಂಬುವ ಮೊದಲೇ ದಿನ ಮುಗಿಯುವುದನ್ನೂ, ಶುಕ್ರದಲ್ಲಿ ವರ್ಷವಿಡೀ ಕಾದರೂ ಎರಡು ಬೆಳಗು ಪೂರ್ತಿ ಸಿಗದಿರುವುದನ್ನೂ, ನೆಪ್ಚೂನಿನಲ್ಲಿ ಹುಟ್ಟಿದವರು ಮೊದಲ ಹುಟ್ಟುಹಬ್ಬಕ್ಕೆ ನೂರ ಅರವತ್ತೈದು ವರ್ಷ ಕಾಯಬೇಕೆಂಬುದನ್ನೂ ಹೇಳಿ, ಬಿಡುವು ಮುಗಿಯಿತೆಂದು ಟಾರ್ಚು ಬೀಸುತ್ತಾ ಬೆಟ್ಟ ಹತ್ತಿದರು.

ಮುಳ್ಳಣ್ಣ ಸ್ಟೂಲಿನ ಮೇಲೆ ಕುಸಿದ. ಬೇರೆ ದಿನವಾಗಿದ್ದರೆ ಇದೊಂದು ನಗೆಯ ಮಾತು. ಆದರೆ ಇಂದು ಸಾಯಂಕಾಲ ಐದು ಗಂಟೆಗೆ ಗೋಪುರದ ಬೀಗದ ಕೈ ಅವನ ಕೈಗೆ ಬರುವುದಿತ್ತು.

ಊರ ನಡುವೆ ನೂರ ಹನ್ನೆರಡು ಮೆಟ್ಟಿಲ ಗಡಿಯಾರದ ಗೋಪುರ. ಮುಳ್ಳಣ್ಣನ ಅಪ್ಪ ಅದರ ಕಾವಲುಗಾರನಾಗಿದ್ದ. ಅಪ್ಪ ತೀರಿಕೊಂಡಾಗ ಇಪ್ಪತ್ತರ ಹುಡುಗನ ಕೈಗೆ ಊರಿನ ಸಮಯ ಬೇಡವೆಂದು ಸಮಿತಿಯವರು ಬೀಗದ ಕೈಯನ್ನು ಅಪ್ಪನ ತಂಗಿಗೆ ಕೊಟ್ಟರು. ಅಂದಿನಿಂದ ಆಕೆ ಗೋಪುರದತ್ತೆ. ಬೆಳಿಗ್ಗೆ ತನ್ನ ಕೈಗಡಿಯಾರ ಆರು ತೋರಿಸಿದಾಗ ಅತ್ತೆ ಗೋಪುರದ ಮುಳ್ಳುಗಳನ್ನು ಅದಕ್ಕೆ ಸರಿಯಾಗಿ ತಿರುಗಿಸಿ ಆರು ಗಂಟೆ ಹೊಡೆಯುತ್ತಿದ್ದಳು. ಆ ಸದ್ದಿಗೆ ಊರಿನ ಪ್ರತಿ ಮನೆಯಲ್ಲೂ ಒಂದು ಕೈ ಗಡಿಯಾರದ ತಿರುಪಿಗೆ ಹೋಗುತ್ತಿತ್ತು. ಮೊಬೈಲು ಇನ್ನೂ ಜನರ ಜೇಬಿಗೆ ಬಂದಿರದ ಕಾಲ. ಸೂರ್ಯನಿಗೆ ತಡವಾದೀತು, ಅತ್ತೆಯ ಗಂಟೆಗೆ ತಡವಾಗದೆಂಬುದು ಊರಿನ ನಂಬಿಕೆ. ಕಾವಲುಗಾರರಿಗೆ ಅರವತ್ತು ತುಂಬಿದ ದಿನ ಬೀಗದ ಕೈ ಕೈ ಬದಲಿಸಬೇಕು. ಅತ್ತೆಗೆ ಅರವತ್ತು ತುಂಬಿದ್ದು ಇಂದು. ಇಪ್ಪತ್ತೊಂದು ವರ್ಷದಿಂದ ಮುಳ್ಳಣ್ಣ ಕಾದಿದ್ದುದೂ ಇಂದಿಗಾಗಿಯೇ.

ದಿನಕ್ಕೆ ನಲವತ್ತು ನಿಮಿಷ ಹಿಂದೆ ಬೀಳುವ ಗಡಿಯಾರವನ್ನು ಊರಿನವರ ಕೈಗೆ ಕಟ್ಟಿದ್ದಾನೆಂದು ತಿಳಿದರೆ ಗೋಪುರದ ಬೀಗದ ಕೈ ಇರಲಿ, ಕೋಳಿಗೂಡಿನ ಬೀಗದ ಕೈಯನ್ನೂ ಯಾರೂ ಕೊಡಲಾರರು.

“ನಿನ್ನೆ ಬೆಳಿಗ್ಗೆ ಯಾರ್ಯಾರು ತಗೊಂಡು ಹೋದ್ರು?” ಎಂದು ಹೆಂಡತಿಯನ್ನು ಕೇಳಿದ. ನಿನ್ನೆ ಅವನು ಹಲ್ಲುನೋವಿನಿಂದ ಹಾಸಿಗೆ ಹಿಡಿದಿದ್ದ. ಗಡಿಯಾರಗಳನ್ನು ಕೊಟ್ಟವಳು ಅವಳೇ.

ಅವಳು ಬೆರಳು ಮಡಚಿದಳು. ತಟ್ಟೆಯಲ್ಲಿ ಇದ್ದದ್ದು ಐದು. ಊರಿಗೆಲ್ಲ ಗಡಿಯಾರ ಮಾರಿದ್ದು ಈ ಒಂದೇ ಅಂಗಡಿಯಾದ್ದರಿಂದ ಐದೂ ಒಂದೇ ಅಚ್ಚಿನವು: ಬಿಳಿ ಮುಖ, ಕಪ್ಪು ಪಟ್ಟಿ. ಮೇಡಂದು ಬಿಟ್ಟರೆ ಉಳಿದವು ಬೇಕರಿಯವನದು, ಕಟಿಂಗ್ ಶಾಪಿನ ಯಜಮಾನನದು, ಶಾಲೆಯ ಹೆಡ್‌ಮಿಸ್ಸಿನದು, ಅತ್ತೆಯದು. ಮೊದಲ ಮೂವರೇ ಗೋಪುರದ ಸಮಿತಿ.

“ಒಂದೊಂದರ ಕೆಳಗೂ ಹೆಸರಿನ ಚೀಟಿ ಇಟ್ಟಿದ್ನಲ್ಲೇ?”

“ಇಟ್ಟಿದ್ರಿ. ಪಕ್ಕದ ರೇಡಿಯೊದವರು ಬಂದು ಹರಟೆ ಹೊಡೀತಾ ಕೂತಿದ್ರು. ಫ್ಯಾನು ಹಾಕಿದ್ದೂ ಅವರೇ. ಚೀಟಿ ಹಾರಿತೋ, ಹಾರಿಸಿದ್ರೋ, ನಾನು ಯಾರನ್ನೂ ಅನ್ನಲ್ಲಪ್ಪ.”

ಮುಳ್ಳಣ್ಣನ ದವಡೆ ಬಿಗಿಯಿತು. ಹಲ್ಲು ಚುರುಕ್ ಎಂದಿತು. ರೇಡಿಯೊ ರಿಪೇರಿಯವನಿಗೂ ಗೋಪುರದ ಮೇಲೆ ಕಣ್ಣಿತ್ತು. ಮುಳ್ಳು, ಗಂಟೆಗಳ ಕಾಲ ಮುಗಿಯಿತು, ಅಲ್ಲೊಂದು ಕರೆಂಟಿನ ಗಡಿಯಾರ ಕೂರಿಸಬೇಕು, ಅದನ್ನು ತಾನೇ ನೋಡಿಕೊಳ್ಳಬೇಕು ಎಂದು ಅವನು ಒಂದು ವರ್ಷದಿಂದ ಊರ ಕಿವಿ ಊದುತ್ತಿದ್ದ.

ಹೆಂಡತಿ ಬಿಸಿನೀರು ಕೊಟ್ಟು ಸಮಾಧಾನ ಮಾಡಿದಳು. ಬೀಗದ ಕೈ ಹಿಡಿದವರು ಒಂದು ರಾತ್ರಿಯೂ ಊರು ಬಿಟ್ಟು ಮಲಗುವಂತಿಲ್ಲ, ಐದಕ್ಕೆ ಏಳಬೇಕು ಎಂದು ತಿಳಿದಾಗ ಭಾನುವಾರವಾದರೂ ರಜೆ ಇಲ್ಲವೇ ಎಂದು ಮೂರು ಸಲ ಕೇಳಿದ್ದವಳು, ಇಂದು ಗಂಡನ ಪಕ್ಷಕ್ಕೆ ಬಂದದ್ದು ಅವನಿಗೆ ಧೈರ್ಯ ತಂದಿತು.

“ಮೊದಲು ಬೇಕರಿ, ಆಮೇಲೆ ಕಟಿಂಗ್ ಶಾಪು, ಕೊನೇಲಿ ಶಾಲೆ,” ಎಂದಳು. “ಅತ್ತೆ ತಂಟೆಗೆ ಮಾತ್ರ ಹೋಗ್ಬೇಡಿ. ಅವರಿಗೆ ಸಂಶಯ ಬಂತೋ, ಎಲ್ಲಾ ಮುಗೀತು. ಯಾರಿಗೂ ಕಾರಣ ಹೇಳ್ಬೇಡಿ. ಸುಮ್ನೆ ಗಡಿಯಾರ ನೋಡಿ, ತಗೊಂಡು ಬನ್ನಿ.”

ಮುಳ್ಳಣ್ಣ ಅಪ್ಪನ ಜೇಬುಗಡಿಯಾರವನ್ನು ಗೋಡೆಯ ಹದಿನಾಲ್ಕರೊಂದಿಗೆ ಹೊಂದಿಸಿಕೊಂಡ. ಹತ್ತಿಯ ಮೇಲೆ ಮಫ್ಲರ್ ಬಿಗಿದು ಹೊರಬಿದ್ದ. ಬೆಳಗಿನ ಮಂಜು ಗೋಪುರವನ್ನು ಸೊಂಟದಿಂದ ಮೇಲಕ್ಕೆ ನುಂಗಿತ್ತು. ಕಣ್ಣಿಗೆ ಗೋಪುರ ಕಾಣಿಸದು. ಕಿವಿಗೆ ಗಂಟೆ ಕೇಳಿಸದು.

ಬೇಕರಿ ತಲುಪಿದಾಗ ಅವನ ಜೇಬಿನಲ್ಲಿ ಏಳೂವರೆ. ಬೇಕರಿಯವನು ಎಂದೂ ಇಲ್ಲದ ಹಾಗೆ ಗಲ್ಲಕ್ಕೆ ಕೈ ಕೊಟ್ಟು ಹಾಡು ಗುನುಗುತ್ತಿದ್ದ. ಇಂದು ಹಿಟ್ಟು ಹೇಗೆ ಉಬ್ಬಿದೆ ನೋಡು, ಅವಸರವೇ ಇಲ್ಲದ ಬೆಳಗು ಇದು, ಕೆಲಸವೆಲ್ಲ ಮುಗಿದು ಕೂತರೂ ಆರು ಹೊಡೆದಿರಲಿಲ್ಲ ಎಂದು ಬ್ರೆಡ್ಡನ್ನು ಮೊದಲ ಮೊಮ್ಮಗುವಿನಂತೆ ಎತ್ತಿ ತೋರಿಸಿದ. ಮುಳ್ಳಣ್ಣನಿಗೆ ಅರ್ಧ ಮಾತು ಕೇಳಿಸಿತು, ಉಳಿದರ್ಧ ಬೇಕಿರಲಿಲ್ಲ. ಅವನ ಕಣ್ಣೆಲ್ಲ ಆ ಹಿಟ್ಟು ಮೆತ್ತಿದ ಮಣಿಕಟ್ಟಿನ ಮೇಲೆ.

ಗಡಿಯಾರ ಆರು ಐವತ್ತು ತೋರಿಸುತ್ತಿತ್ತು.

ಮೊದಲ ಬಲೆಗೇ ಮೀನು. ಮುಳ್ಳಣ್ಣ ಎಣ್ಣೆ ಹಾಕಿಕೊಡುವ ನೆಪ ಹೇಳಿ ಗಡಿಯಾರ ಬಿಚ್ಚಿಸಿಕೊಂಡು ಜೇಬಿಗಿಳಿಸಿದ. ಮನೆಗೆ ಓಡುವವನಿದ್ದ, ಆದರೆ ದಾರಿಯಲ್ಲಿ ಕಟಿಂಗ್ ಶಾಪಿನ ಯಜಮಾನ ತನ್ನದೇ ಕುರ್ಚಿಯಲ್ಲಿ ಮಲಗಿ ಕನ್ನಡಿ ನೋಡಿಕೊಳ್ಳುತ್ತಾ ತನಗೆ ತಾನೇ ಕ್ಷೌರ ಮಾಡಿಕೊಳ್ಳುತ್ತಿದ್ದ. ಮೂವತ್ತು ವರ್ಷದಲ್ಲಿ ಹೀಗೆ ಕೂತದ್ದು ಮೊದಲಂತೆ. ನೊರೆ ಮೆತ್ತಿದ ಅವನ ಕೈಯಲ್ಲಿ ಗಡಿಯಾರ ಏಳು ಗಂಟೆ ಐದು ನಿಮಿಷ ಎನ್ನುತ್ತಿತ್ತು. ಮುಳ್ಳಣ್ಣನದು ಏಳು ನಲವತ್ತೈದು.

ನಲವತ್ತು ನಿಮಿಷ ಹಿಂದಿರುವ ಗಡಿಯಾರ ಊರಿನಲ್ಲಿ ಒಂದೇ ಇರಬೇಕಿತ್ತು. ನೋವಿನ ಗುಳಿಗೆಯ ಅಮಲಿನಲ್ಲಿ ತಾನು ಐದಕ್ಕೂ ಸೀಸ ಅಂಟಿಸಿದೆನೋ?

“ಅಣ್ಣಾ, ಇದನ್ನೂ ಕೊಡಿ. ಎಣ್ಣೆ ಹಾಕ್ಬೇಕು.”

“ಮೊನ್ನೆ ತಾನೇ ಹಾಕಿದ್ದೀನಿ ಅಂದ್ಯಲ್ಲೋ?”

“ಆ ಎಣ್ಣೆ ಸರಿಯಿಲ್ಲ.”

ಯಜಮಾನ ಕ್ಷೌರದ ಕತ್ತಿಯನ್ನು ಮೇಲೆತ್ತಿಯೇ ಅವನ ಮಫ್ಲರನ್ನು ಕನಿಕರದಿಂದ ನೋಡಿದ. ಹಲ್ಲಿನ ನೋವು ಮೇಲಕ್ಕೇರಿದರೆ ನೆತ್ತಿಗೇ ಹೋಗುತ್ತದೆಂದು ಅವನ ಅಜ್ಜ ಹೇಳುತ್ತಿದ್ದನಂತೆ. ಗಡಿಯಾರ ಕೊಟ್ಟ. ಮುಳ್ಳಣ್ಣ ತಿರುವು ದಾಟುವ ಮೊದಲೇ ಸುದ್ದಿ ಅವನನ್ನು ದಾಟಿ ಮುಂದೆ ಹೋಗಿತ್ತು.

ಶಾಲೆಯಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಹೆಡ್‌ಮಿಸ್ಸು ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದರು; ಅವರ ಹಲ್ಲುಗಳನ್ನು ಮಕ್ಕಳು ನೋಡಿದ್ದು ಅದೇ ಮೊದಲಿರಬೇಕು. ಒಬ್ಬ ವಿದ್ಯಾರ್ಥಿಯೂ ತಡವಾಗಿ ಬಂದಿರಲಿಲ್ಲ. ಮುಳ್ಳಣ್ಣ ಸಾಲುಗಳ ನಡುವೆ ನುಸುಳಿ ಹೋಗಿ, ಅವರು ಆಶೀರ್ವಾದದಂತೆ ಎತ್ತಿದ್ದ ಕೈಯನ್ನು ಹಿಡಿದು ಮಣಿಕಟ್ಟು ತಿರುಗಿಸಿ ನೋಡಿದ. ನಲವತ್ತು ನಿಮಿಷ ಹಿಂದೆ. ಮುನ್ನೂರು ಮಕ್ಕಳು ಉಸಿರು ಬಿಗಿಹಿಡಿದರು.

“ಏನ್ರೀ ಇದು, ನಾಡಿ ನೋಡ್ತಿದ್ದೀರಾ?” ಎಂದರು ಹೆಡ್‌ಮಿಸ್ಸು. ಮುಖದ ನಗು ಮಾಯವಾಗಿತ್ತು. “ಸಾಯಂಕಾಲ ಸಮಿತಿ ಮುಂದೆ ಬರೋರು ನೀವೇ ತಾನೇ?”

ಎಣ್ಣೆಯ ಮಾತನ್ನೇ ಮತ್ತೆ ತೊದಲಿ, ಮೂರನೆಯ ಗಡಿಯಾರವನ್ನೂ ಜೇಬಿಗೆ ಹಾಕಿಕೊಂಡು ಮುಳ್ಳಣ್ಣ ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕೂತ. ಮೂರನ್ನೂ ಅಪ್ಪನ ಗಡಿಯಾರದ ಪಕ್ಕ ಸಾಲಾಗಿ ಜೋಡಿಸಿದ. ಕಸುಬುದಾರನ ಬುದ್ಧಿ ಈಗ ಎಚ್ಚೆತ್ತಿತು. ಮಂಗಳದ ಗಡಿಯಾರವಾದರೆ ಗಂಟೆಗೆ ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚೇ ಇನ್ನೂ ಹಿಂದೆ ಬೀಳಲೇಬೇಕು. ಒಂದು ಗಂಟೆ ಅಲುಗಾಡದೆ ಕೂತ, ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ. ಮೂರೂ ಗಡಿಯಾರಗಳು ಒಂದು ಕ್ಷಣವೂ ಹಿಂದೆ ಬೀಳಲಿಲ್ಲ. ನಲವತ್ತು ನಿಮಿಷ ಹಿಂದೆ ನಿಂತು, ಅಲ್ಲಿಂದ ಅಪ್ಪಟ ಸರಿಯಾಗಿ ನಡೆಯುತ್ತಿದ್ದವು.

ಅಂದರೆ ಕೆಟ್ಟಿದ್ದು ಗಡಿಯಾರಗಳಲ್ಲ. ಯಾರೋ ಇವುಗಳನ್ನು ಹಿಂದಕ್ಕೆ ತಿರುಗಿಸಿದ್ದಾರೆ, ಮೂರನ್ನೂ ಒಂದೇ ಅಳತೆಗೆ.

ಆಗಲೇ ಮಂಜು ಕರಗಿತು. ಮುಳ್ಳಣ್ಣ ತಲೆಯೆತ್ತಿದ. ಅವನ ಜೇಬಿನಲ್ಲಿ ಹತ್ತು ಗಂಟೆ. ಗೋಪುರದ ಮೇಲೆ ಒಂಬತ್ತು ಇಪ್ಪತ್ತು.

ಮಂಗಳದ ಗಡಿಯಾರ ಕಟ್ಟಿಕೊಂಡಿರುವವಳು ಗೋಪುರದತ್ತೆ. ನಿನ್ನೆ ಬೆಳಿಗ್ಗೆ ಗೋಪುರಕ್ಕೆ ಹೋಗುವ ದಾರಿಯಲ್ಲಿ ಅದನ್ನು ಇಸಿದುಕೊಂಡವಳು ಇಂದು ಅದು ಆರು ತೋರಿಸಿದಾಗ ಗೋಪುರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಗಂಟೆ ಹೊಡೆದಿದ್ದಾಳೆ. ಊರಿಗೆ ಊರೇ ಎದ್ದು ನಿಂತು ಗಡಿಯಾರ ಹಿಂದಕ್ಕಿಟ್ಟುಕೊಂಡಿದೆ. ಒಂದು ತೂಗುಚಕ್ರಕ್ಕೆ ಅಂಟಿಸಿದ ಸೀಸದ ಚೂರು ಐದು ಸಾವಿರ ಜನರನ್ನು ಎಳೆದು ನಿಲ್ಲಿಸಿತ್ತು.

ಹೆಂಡತಿಯ ಎಚ್ಚರಿಕೆ ಮರೆತು ಅವನು ಅತ್ತೆಯ ಮನೆಗೆ ಓಡಿದ. ದಾರಿಯಲ್ಲಿ ರೇಡಿಯೊದವನು ಅಂಗಡಿಯ ಮುಂದೆ ಕುರ್ಚಿಯ ಮೇಲೆ ನಿಂತು, ರೇಡಿಯೊ ಹತ್ತು ಗಂಟೆ ಎಂದಿದೆ, ಗೋಪುರ ಸುಳ್ಳು ಹೇಳುತ್ತಿದೆ ಎಂದು ಕೂಗುತ್ತಿದ್ದ. ಸುತ್ತ ನೆರೆದ ಜನ ನಗುತ್ತಿದ್ದರು. ಒಬ್ಬಾತ, ರೇಡಿಯೊ ರಿಪೇರಿ ಮಾಡುವವನಿಗೆ ತನ್ನ ರೇಡಿಯೊ ರಿಪೇರಿ ಮಾಡಿಕೊಳ್ಳಲು ಬರುವುದಿಲ್ಲವೇ ಎಂದ. ಬೆಳಗಿನ ಬಸ್ಸು ನಲವತ್ತು ನಿಮಿಷ ಮೊದಲೇ ಹೊರಟುಹೋಯಿತೆಂದು ಕೆಲವರು ಬಸ್ಸಿನವರನ್ನು ಬೈಯುತ್ತಿದ್ದರು. ಇಡೀ ಊರಿನಲ್ಲಿ ನಿಜ ಹೇಳುತ್ತಿದ್ದ ಒಬ್ಬನೇ ಮನುಷ್ಯ ತನ್ನ ವೈರಿಯೆಂದು ಕಂಡು ಮುಳ್ಳಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅತ್ತೆ ಜಗುಲಿಯಲ್ಲಿ ಕಾಲು ಚಾಚಿ ಕೂತು ಬೀಗದ ಕೈಯನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಎಡಗೈಯಲ್ಲಿ ಬಿಳಿ ಮುಖದ ಗಡಿಯಾರ ಫಳಫಳಿಸುತ್ತಿತ್ತು.

“ಅತ್ತೇ, ಗಡಿಯಾರ ಒಂದ್ನಿಮಿಷ ಕೊಡಿ. ಎಣ್ಣೆ…”

“ಊರೆಲ್ಲಾ ಸುತ್ತಿ ಎಣ್ಣೆ ಹಾಕ್ತಿದ್ದೀಯಂತೆ,” ಎಂದಳು ಅತ್ತೆ ತಲೆಯೆತ್ತದೆ. “ಇದು ಬೀಗದ ಕೈ ಜೊತೆ ಹುಟ್ಟಿದ್ದು. ಸಂಜೆವರೆಗೂ ನನ್ನ ಕೈಲೇ ಇರುತ್ತೆ. ಯಾಕೆ, ಏನಾದ್ರೂ ಕೆಟ್ಟಿದೆಯಾ?”

ಹೌದೆಂದರೆ ಕೆಡಿಸಿದವನು ತಾನು. ಇಲ್ಲವೆಂದರೆ ಗಡಿಯಾರ ಬಿಚ್ಚಿಸಲು ಕಾರಣವಿಲ್ಲ. ಮುಳ್ಳಣ್ಣ ಇಲ್ಲ ಎಂದ. ಅತ್ತೆ ಬೀಗದ ಕೈಗೆ ಇನ್ನಷ್ಟು ಹುಣಸೆಹಣ್ಣು ಹಚ್ಚಿದಳು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ತೋಡಿಕೊಂಡ. ಅವಳು ಕಣ್ಣರಳಿಸಿ ಕೇಳಿದಳು, ಅಯ್ಯೋ ಅಂದಳು, ಹಲ್ಲಿಗೆ ಲವಂಗ ಕೊಟ್ಟಳು. ಬಾಯಿಬಿಟ್ಟರೆ ಬಣ್ಣಗೇಡು, ಸುಮ್ಮನೆ ಹೋಗಿ ಬೀಗದ ಕೈ ಇಸಿದುಕೊಂಡರೆ ನಾಳೆ ಬೆಳಿಗ್ಗೆ ಗೋಪುರವನ್ನು ಸರಿಮಾಡುವುದು ಅವನ ಕೈಯಲ್ಲೇ ಇರುತ್ತದೆ ಎಂದಳು. ಅದೇ ಸರಿ ಎನ್ನಿಸಿತು ಮುಳ್ಳಣ್ಣನಿಗೆ.

ಗೋಪುರದ ಬುಡದ ಕೋಣೆಯಲ್ಲಿ ಒಂದು ಉದ್ದ ಮೇಜು, ನಾಲ್ಕು ಕುರ್ಚಿ, ಹಿಂದಿನ ಕಾವಲುಗಾರರ ಪಟಗಳು. ಗೋಪುರ ಐದು ಹೊಡೆದಾಗ ಹೆಡ್‌ಮಿಸ್ಸು, ಬೇಕರಿಯವನು, ಕಟಿಂಗ್ ಶಾಪಿನ ಯಜಮಾನ ಕೂತಾಗಿತ್ತು. ಅತ್ತೆ ಬಂದಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅತ್ತೆಗೆ ತಡವಾದದ್ದು ಇದೇ ಮೊದಲೆಂದು ಸಮಿತಿಯವರು ಮುಖ ಮುಖ ನೋಡಿಕೊಂಡರು. ಯಾಕೆ ತಡವೆಂಬುದು ಮುಳ್ಳಣ್ಣನೊಬ್ಬನಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಆ ಗಡಿಯಾರ ಇನ್ನೂ ಹದಿನೆಂಟು ನಿಮಿಷ ಹಿಂದೆ ಬಿದ್ದಿರಬೇಕು. ಅವನು ಮನಸ್ಸಿನಲ್ಲೇ ನಿಮಿಷ ಎಣಿಸತೊಡಗಿದ.

ಆ ಬಿಡುವಿನಲ್ಲಿ ರೇಡಿಯೊದವನು ಕಂಕುಳಲ್ಲೊಂದು ಪೆಟ್ಟಿಗೆ ಹಿಡಿದು ಒಳನುಗ್ಗಿದ. ಮೇಜಿನ ಮೇಲಿಟ್ಟು ಕಿವಿ ಹಿಂಡಿದ. ಅದು ಕೆಮ್ಮಿ, ಸಿಳ್ಳೆ ಹಾಕಿ, ಐದು ಗಂಟೆ ನಲವತ್ತೈದು ನಿಮಿಷ ಎಂದಿತು.

“ಕೇಳಿದ್ರಾ? ನಮ್ಮೂರಿಗೆ ಮಾತ್ರ ಬೇರೆ ಸೂರ್ಯ ಇದ್ದಾನಾ? ನನ್ನ ಮಾತು ಬೇಡ. ಇಲ್ಲಿ ಕೂತಿದ್ದಾನಲ್ಲ, ಗಡಿಯಾರ ಅರೆದು ಕುಡಿದೋನು, ಇವನನ್ನೇ ಕೇಳಿ.”

ಎಲ್ಲರೂ ಮುಳ್ಳಣ್ಣನ ಕಡೆ ತಿರುಗಿದರು. ಹದಿನೆಂಟು ನಿಮಿಷ ಸರಿಯಾಗಿ ತುಂಬಿದಾಗ ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡಳು, ಅವಳ ಹಿಂದೆ ತಮ್ಮ ಗಡಿಯಾರ ಹುಡುಕಿಕೊಂಡು ಬಂದ ಬೆಟ್ಟದ ಮೇಡಂ. ಹೆಡ್‌ಮಿಸ್ಸು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡುತ್ತಾ ಕೇಳಿದರು.

“ಹೇಳಿ ಮುಳ್ಳಣ್ಣ. ಗೋಪುರ ಸರಿಯಾಗಿದೆಯಾ, ಇಲ್ವಾ?”

ಸರಿಯಾಗಿದೆ ಎಂಬ ಒಂದು ಮಾತು. ಅದು ನಾಲಗೆಯ ತುದಿಯವರೆಗೂ ಬಂತು. ಆದರೆ ಎದುರಿನ ಗೋಡೆಯ ಮೇಲೆ ಅಪ್ಪನ ಪಟವಿತ್ತು, ಜೇಬಿನಲ್ಲಿ ಅಪ್ಪನ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ತಪ್ಪು ಸಮಯವನ್ನು ಸರಿ ಎಂದು ಹೇಳಿ ಪಡೆದ ಬೀಗದ ಕೈಯಿಂದ ಯಾವ ಬಾಗಿಲು ತೆರೆದೇನು ಎನ್ನಿಸಿತು ಮುಳ್ಳಣ್ಣನಿಗೆ. ಅವನು ಮಫ್ಲರನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಎದ್ದು ನಿಂತು, ಸೀಸದ ಚೂರಿನಿಂದ ಹಿಡಿದು ಎಣ್ಣೆಯ ಸುಳ್ಳಿನವರೆಗೆ, ಒಂದನ್ನೂ ಬಿಡದೆ ಹೇಳಿಬಿಟ್ಟ. ಮೂರು ಗಡಿಯಾರಗಳನ್ನು ಅವುಗಳ ಒಡೆಯರ ಮುಂದಿಟ್ಟು, ಬೀಗದ ಕೈಯನ್ನು ಬೇಕಾದರೆ ರೇಡಿಯೊದವನಿಗೇ ಕೊಡಿ ಎಂದು ಕೂತ.

ಮೊದಲು ಬಾಯಿಬಿಟ್ಟವನು ಬೇಕರಿಯವನು.

“ಹಾಗಾದ್ರೆ ಇವತ್ತು ನಂಗೆ ಸಿಕ್ಕ ಆ ನಲವತ್ತು ನಿಮಿಷ ಮಂಗಳದ್ದಾ?”

ಹೌದೆಂದು ಮೇಡಂ ತಲೆಯಾಡಿಸಿದರು.

“ನಾಳೆನೂ ಸಿಗುತ್ತಾ?”

ಮಾತು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ಮುಳ್ಳಣ್ಣನಿಗೆ ಆಮೇಲೂ ಪೂರ್ತಿ ಅರ್ಥವಾಗಲಿಲ್ಲ. ಹೆಡ್‌ಮಿಸ್ಸು, ಮೂವತ್ತು ವರ್ಷದಲ್ಲಿ ಮೊದಲ ಸಲ ಇಂದು ಕಾಫಿಯನ್ನು ಕೂತು, ಬಿಸಿಯಾಗಿ ಕುಡಿದೆನೆಂದು ಒಪ್ಪಿಕೊಂಡರು. ಕಟಿಂಗ್ ಶಾಪಿನ ಯಜಮಾನ ತನ್ನ ನುಣುಪಾದ ಕೆನ್ನೆಯನ್ನು ಎಲ್ಲರಿಗೂ ಮುಟ್ಟಿ ನೋಡಲು ಕೊಟ್ಟ. ಹೀಗೇ ಬಿಟ್ಟರೆ ಹದಿನೆಂಟು ದಿನದಲ್ಲಿ ಬೆಳಗಿನ ಆರು ಗಂಟೆ ಸಂಜೆ ಬರುತ್ತದೆಂದು ಮುಳ್ಳಣ್ಣ ಅಂಗಲಾಚಿದ. ಬೇಕರಿಯವನು, ತಾನು ಹೇಗೂ ರಾತ್ರಿಯೆಲ್ಲ ಎದ್ದಿರುವವನು, ಊರಿನವರೂ ನಾಲ್ಕು ದಿನ ಎದ್ದಿರಲಿ ಎಂದ. ದಿನ ಉದ್ದವಾಗುವುದಾದರೆ ಶುಕ್ರದ್ದೇ ಯಾಕಾಗಬಾರದೆಂದು ಯಜಮಾನ ಕೇಳಿದ. ವರ್ಷಕ್ಕೆ ಎರಡು ಸಲವೂ ಶಾಲೆ ತೆರೆಯದೆಂದು ಹೆಡ್‌ಮಿಸ್ಸು ಅದನ್ನು ತಳ್ಳಿಹಾಕಿದರು. ರೇಡಿಯೊದವನು ಕೂಗಾಡಿ, ಯಾರೂ ಕೇಳದಿದ್ದಾಗ ಪೆಟ್ಟಿಗೆಯನ್ನು ಎತ್ತಿಕೊಂಡು ಹೋದ. ಕೊನೆಗೆ ನಡಾವಳಿ ಪುಸ್ತಕದಲ್ಲಿ ಹೆಡ್‌ಮಿಸ್ಸಿನ ದುಂಡು ಅಕ್ಷರದಲ್ಲಿ ಹೀಗೆ ದಾಖಲಾಯಿತು: “ಇಂದಿನಿಂದ ಈ ಊರು ಪ್ರಾಯೋಗಿಕವಾಗಿ ಮಂಗಳ ಗ್ರಹದ ಕಾಲಮಾನವನ್ನೇ ಅನುಸರಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.”

“ಇನ್ನು ಬೀಗದ ಕೈ,” ಎಂದರು ಹೆಡ್‌ಮಿಸ್ಸು. “ನಿಜ ಹೇಳಿದ್ದೀರಿ, ಮುಳ್ಳಣ್ಣ. ನಿಮ್ಮಂಥವರೇ ಬೇಕು. ಅಮ್ಮಾ, ನಿಮಗೆ ಅರವತ್ತು ತುಂಬಿತು. ಕೊಡಿ.”

ಮುಳ್ಳಣ್ಣನ ಎದೆ ಹದಿನಾಲ್ಕು ಗಡಿಯಾರಗಳ ಸದ್ದು ಮಾಡಿತು. ಕೈ ಚಾಚಿದ. ಅತ್ತೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಎಲ್ಲಿ ತುಂಬಿತು?” ಎಂದಳು. “ಈಗ ತಾನೇ ಏನು ಬರೆದ್ರಿ? ಕಾಲಮಾನ ಮಂಗಳದ್ದು ಅಂತ ಅಲ್ವಾ? ಮೇಡಂ, ಮಂಗಳದಲ್ಲಿ ಒಂದು ವರ್ಷ ಅಂದ್ರೆ ನಮ್ಮದು ಎಷ್ಟು ದಿನ?”

ಆರುನೂರ ಎಂಬತ್ತೇಳು, ಎಂದರು ಮೇಡಂ.

“ಹಾಗಾದ್ರೆ ನನಗೆಷ್ಟು ವಯಸ್ಸು?”

ಮೇಡಂ ಅಂಗೈ ಮೇಲೆ ಲೆಕ್ಕ ಹಾಕಿದರು. ಮೂವತ್ತೆರಡು ಇನ್ನೂ ತುಂಬಿಲ್ಲ.

ಸಮಿತಿಯವರು ಪುಸ್ತಕ ನೋಡಿದರು. ಶಾಯಿ ಒಣಗಿತ್ತು. ದಿನ ಮಂಗಳದ್ದು, ವರ್ಷ ಮಾತ್ರ ಭೂಮಿಯದೆಂದು ಹೇಳುವುದು ಹೇಗೆಂದು ಹೆಡ್‌ಮಿಸ್ಸು ಬಹಳ ಹೊತ್ತು ಯೋಚಿಸಿದರು. ಲೆಕ್ಕದ ಮಿಸ್ಸಾಗಿದ್ದು ಬಡ್ತಿ ಪಡೆದವರು, ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿವೃತ್ತಿಗೆ ಇನ್ನೂ ಇಪ್ಪತ್ತೆಂಟು ಮಂಗಳ ವರ್ಷ ಬಾಕಿ. ಎಂದರೆ ನಮ್ಮ ಐವತ್ತಮೂರು. ಆಗ ಮುಳ್ಳಣ್ಣನಿಗೆ ತೊಂಬತ್ತನಾಲ್ಕು.

“ಅಲ್ಲಿಯ ಲೆಕ್ಕದಲ್ಲಿ ನಿನಗಾಗ ಐವತ್ತೇ ಕಣೋ. ಗಟ್ಟಿಯಾಗೇ ಇರ್ತೀಯ,” ಎಂದು ಅತ್ತೆ ಅವನ ಬೆನ್ನು ತಟ್ಟಿದಳು. ಮಂಗಳದ ಗಡಿಯಾರ ಬಿಚ್ಚಿ ಮೇಡಂಗೆ ಕೊಟ್ಟು, ಅವರ ಕೈಯಲ್ಲಿದ್ದ ತನ್ನದನ್ನು ಇಸಿದುಕೊಂಡು ಮುಳ್ಳಣ್ಣನ ಅಂಗೈಯಲ್ಲಿಟ್ಟು, ರಾತ್ರಿಯೊಳಗೆ ಇದಕ್ಕೂ ಸೀಸ ಅಂಟಿಸಿ ಕೊಡಬೇಕೆಂದು ಅಪ್ಪಣೆ ಮಾಡಿದಳು.

ಹೊರಗೆ ಬಂದಾಗ ದೀಪ ಹೊತ್ತುವ ಹೊತ್ತು. ಮುಳ್ಳಣ್ಣ ಅತ್ತೆಯ ಹಿಂದೆ ನಾಲ್ಕು ಹೆಜ್ಜೆ ನಡೆದವನು ತಡೆಯಲಾರದೆ ಅಡ್ಡ ನಿಂತ. ಬೆಳಿಗ್ಗೆಯಿಂದ ರೇಡಿಯೊದವನನ್ನು ಸುಮ್ಮನೆ ಶಪಿಸಿದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತು.

“ಚೀಟಿ ತೆಗೆದು ಗಡಿಯಾರ ಬದಲಾಯಿಸಿದ್ದು ನೀವೇ ಅಲ್ವಾ, ಅತ್ತೆ?”

ಅತ್ತೆ ನಿಂತಳು. ಮುಖದಲ್ಲಿ ನಿಜವಾದ ಅಚ್ಚರಿ.

“ನಾನಾ? ಕನ್ನಡಕ ಇಲ್ದೆ ಆ ಐದರಲ್ಲಿ ನನ್ನದ್ಯಾವ್ದು ಅಂತಾನೇ ನಂಗೆ ಗೊತ್ತಾಗಲ್ಲ. ಬೀಗದ ಕೈ ಬಿಡೋಕೆ ಮನಸ್ಸಿರಲಿಲ್ಲ, ಅದೊಂದು ನಿಜ. ಆದ್ರೆ ಮಂಗಳದ ವರ್ಷದ ಲೆಕ್ಕ ಬರೆದುಕೊಟ್ಟು, ಹೇಗೆ ಮಾತಾಡ್ಬೇಕು ಅಂತ ಬಾಯಿಪಾಠ ಮಾಡಿಸಿ, ಇದನ್ನ ನನ್ನ ಕೈಗೆ ಕಟ್ಟಿ ಕಳಿಸಿದ್ದು ನಾನಲ್ಲಪ್ಪ.”

“ಮತ್ತೆ ಯಾರು?”

“ನಿನ್ನ ಹೆಂಡತಿ.”